ಹೊಗೆಯ ಬಾಗಿಲಿನ ಇತಿಹಾಸ: ಹಿಮದ ಸ್ಕೂಟರಿನಿಂದ ಕೊಲ್ಹಾಪುರದ ಟ್ರ್ಯಾಕಿನವರೆಗೆ



ನಾವು ಓದಿದ್ದು ಟಿ.ಸಿ.ಎಚ್., ಆಮೇಲೆ ಬಿ.ಎ. ಕಲಿಸುವುದು ಕನ್ನಡ ಮತ್ತು ಸಮಾಜ ವಿಜ್ಞಾನ. ಎಂಜಿನ್ನಿಗೂ ನಮಗೂ ಇದ್ದ ಸಂಬಂಧ ಗಾಡಿಗೆ ಕಿಕ್ ಹೊಡೆಯುವಷ್ಟಕ್ಕೇ ಮುಗಿಯುತ್ತಿತ್ತು. ಹಾಗಿದ್ದೂ ಈ ಸಲ ಒಂದು ಎಂಜಿನ್ನಿನ ಬಗ್ಗೆ, ಅದರಲ್ಲೂ ಎಂಜಿನ್ನಿನ ಹೊಗೆ ಹೊರಗೆ ಹೋಗುವ ದಾರಿಯ ಬಗ್ಗೆ ಇಷ್ಟುದ್ದ ಬರೆಯಲು ಕೂತಿದ್ದೇವೆ. ಕಾರಣ ಹೇಳುತ್ತೇವೆ.

ಗಡಹಿಂಗ್ಲಜ ತಾಲೂಕಿನ ನೂಲ, ಹಲಕರ್ಣಿ, ಬಸರ್ಗೆ ಕಡೆಯ ಊರುಗಳಲ್ಲಿ ಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ ಎಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಹಿರಣ್ಯಕೇಶಿ ನದಿ ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಹೋಗುವಾಗ ಯಾವ ರಾಜ್ಯ ಎಂದು ಕೇಳುವುದಿಲ್ಲ. ಆದರೆ ನಮ್ಮ ಹುಡುಗರನ್ನು ಎಲ್ಲರೂ ಕೇಳುತ್ತಾರೆ. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತು, ಮುಂದೆ ಮರಾಠಿ ಹೈಸ್ಕೂಲಿನಲ್ಲಿ ಎಡವಿ, ಹತ್ತನೆಯದು ಹೇಗೋ ಮುಗಿಸಿ, ಇಚಲಕರಂಜಿಯ ಮಗ್ಗಕ್ಕೋ ಕೊಲ್ಹಾಪುರದ ಗ್ಯಾರೇಜಿಗೋ ಹೋಗುವವರು ಬಹಳ. ಹಾಗೆ ಹೋದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಂದು ರಾತ್ರಿ ಫೋನ್ ಮಾಡಿದ. ಅವನ ಅಣ್ಣ ಇಚಲಕರಂಜಿಯಲ್ಲಿ ಪಾವರ್‌ಲೂಮ್ ನಡೆಸುತ್ತಾನೆ, ಇವನು ಕೊಲ್ಹಾಪುರದಲ್ಲಿ ರೇಸಿನ ಕಾರ್ಟ್ ಗಾಡಿಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಕೈಕೆಳಗಿನ ಹುಡುಗ.

"ಸರ, ಎಂಜಿನ್ ಎಂಟು ಸಾವಿರದ ಮ್ಯಾಲ ಏರವಲ್ದು ನೋಡ್ರಿ. ವಾಲ್ವ್ ಬಿಚ್ಚಿ ತೊಳದು ಕೂಡಿಸಿದಾಂವ ನಾನ. ಪುಸ್ತಕ ಎಲ್ಲಾ ಇಂಗ್ಲಿಷಿನ್ಯಾಗ ಐತಿ. ಶನಿವಾರದೊಳಗ ಸರಿ ಆಗಲಿಲ್ಲಂದ್ರ ಮನಿಗಿ ಹೋಗಂದಾರ..."

ಪುಸ್ತಕದ ನಾಲ್ಕು ಪುಟದ ಫೋಟೊ ಕಳಿಸಿದ. ಓದಿ ಅರ್ಥ ಹೇಳಬೇಕಂತೆ. ಅಂದು ಮಂಗಳವಾರ. ನಮಗೆ ಇಂಗ್ಲಿಷ್ ಬರುತ್ತದೆ, ಆದರೆ ಆ ಪುಟಗಳಲ್ಲಿದ್ದದ್ದು ಅರ್ಥವಾಗಲಿಲ್ಲ. ಭಾಷೆ ಗೊತ್ತಿದ್ದರೆ ಸಾಲದು, ವಸ್ತು ಗೊತ್ತಿರಬೇಕಲ್ಲ!

ಆಗ ನೆನಪಾದವರು ನಮ್ಮೂರಿನ ನಿವೃತ್ತ ಫೌಜಿ. ಊರಲ್ಲಿ ಎಲ್ಲರಿಗೂ ಅವರು ಫೌಜಿ ಕಾಕಾ. ಸಿಯಾಚಿನ್‌ನಲ್ಲಿದ್ದಾಗ ಹಿಮದ ಮೇಲೆ ಓಡುವ ಸ್ನೋ ಸ್ಕೂಟರ್ ನಡೆಸಿದವರು. ಮೊಬೈಲಿನಲ್ಲಿದ್ದ ಚಿತ್ರವನ್ನು ಕನ್ನಡಕ ಏರಿಸಿಕೊಂಡು ನೋಡಿದವರೇ, "ಮಾಸ್ತರ್ರ, ಇದನ್ನ ನಾವು ಬರಿಗೈಲೆ ಬಿಚ್ಚೇವಿ, ಮೈನಸ್ ಮೂವತ್ತರಾಗ. ಕೊಲ್ಹಾಪುರದ ಬಿಸಲಾಗ ಇದ್ಯಾಕ ಬಂತು?" ಎಂದರು.

ಇದ್ಯಾಕ ಬಂತು ಎಂಬ ಅವರ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಈ ಬರಹ.

ಮೊದಲು ಎರಡು ಜಾತಿಯ ಎಂಜಿನ್ನುಗಳ ವ್ಯತ್ಯಾಸ ತಿಳಿಯಬೇಕು. ನಮ್ಮ ಹೊಲಗಳಲ್ಲಿ ನೀರೆತ್ತುತ್ತಿದ್ದ ಡೀಸೆಲ್ ಎಂಜಿನ್ ಇದೆಯಲ್ಲ, ಕಿರ್ಲೋಸ್ಕರ್ ಹೆಸರಿನಿಂದಲೇ ಜನ ಕರೆಯುವಂಥದ್ದು, ಅದು ನಾಲ್ಕು ಹೊಡೆತದ್ದು. ಅದರಲ್ಲಿ ಹೊಗೆ ಬಿಡಲು ಅಣಬೆಯ ಆಕಾರದ ಒಂದು ವಾಲ್ವ್ ಇರುತ್ತದೆ. (ಕಿರ್ಲೋಸ್ಕರರ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇವೆ. ಆ ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಈಗ ಅದೇ ಹೆಸರಿನ ಆಯಿಲ್ ಎಂಜಿನ್ ಕಾರ್ಖಾನೆ ನಮ್ಮ ಕಾಗಲದ ಹತ್ತಿರವೇ ಇದೆ. ಗಡಿ ಎಂಬುದು ಕಬ್ಬಿಣದವರಿಗೆ ಯಾವತ್ತೂ ಅಡ್ಡ ಬಂದಿಲ್ಲ.)

ಎರಡು ಹೊಡೆತದ ಎಂಜಿನ್ನಿನಲ್ಲಿ, ಅಂದರೆ ಟೂ ಸ್ಟ್ರೋಕಿನಲ್ಲಿ, ಇಂಥ ಅಣಬೆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತ ತಾನೇ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ 1881ರಲ್ಲಿ ಎರಡು ಹೊಡೆತದ ಎಂಜಿನ್ನಿಗೆ ಪೇಟೆಂಟ್ ಪಡೆದ. ಆದರೆ ನಮ್ಮ ಲೂನಾ, ಯೆಜ್ಡಿ, ಸ್ಕೂಟರುಗಳ ನಿಜವಾದ ಮುತ್ತಜ್ಜ ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ. 1891ರ ಸುಮಾರಿಗೆ ಅವನ ಕಾರ್ಖಾನೆಯಲ್ಲಿ ಪಿಸ್ಟನ್ನಿನ ಕೆಳಗಿನ ಖಾನೆಯಲ್ಲೇ ಗಾಳಿ ಒತ್ತಿ ಮೇಲೆ ಕಳಿಸುವ ಸರಳ ಎಂಜಿನ್ ತಯಾರಾಯಿತು. ಕಡಿಮೆ ಭಾಗಗಳು, ಕಡಿಮೆ ತೂಕ, ಅದೇ ಗಾತ್ರಕ್ಕೆ ಹೆಚ್ಚು ಶಕ್ತಿ.

ಆದರೆ ಈ ಸರಳತೆಯಲ್ಲೇ ಒಂದು ಕುಂದು ಇದೆ. ಹೊಗೆಯ ಕಿಂಡಿ ಎಷ್ಟು ಎತ್ತರದಲ್ಲಿರಬೇಕು? ಎತ್ತರ ಕೊರೆದರೆ ಬೇಗ ತೆರೆಯುತ್ತದೆ, ಜೋರಾಗಿ ಓಡುವಾಗ ಹೊಗೆ ಸರಾಗ ಹೋಗುತ್ತದೆ, ಶಕ್ತಿ ಬರುತ್ತದೆ. ನಿಧಾನ ಓಡುವಾಗ ಮಾತ್ರ ಅದೇ ಕಿಂಡಿ ಶತ್ರು. ಉರಿದ ಅನಿಲ ಪಿಸ್ಟನ್ನನ್ನು ಪೂರ್ತಿ ತಳ್ಳುವ ಮುಂಚೆಯೇ ಹೊರಗೆ ಓಡಿಬಿಡುತ್ತದೆ, ಜೊತೆಗೆ ಹೊಸ ಪೆಟ್ರೋಲ್ ಗಾಳಿಯೂ ಸೋರುತ್ತದೆ. ಕೆಳಗೆ ಕೊರೆದರೆ ನಿಧಾನಕ್ಕೆ ಚಲೋ, ಜೋರಿಗೆ ಉಸಿರು ಕಟ್ಟುತ್ತದೆ. ಒಂದು ಕಿಂಡಿಗೆ ಎರಡು ಎತ್ತರ ಇರಲು ಸಾಧ್ಯವೇ?

ಮಕ್ಕಳಿಗೆ ಇದನ್ನು ಹೇಳುವಾಗ ನಾವು ನಮ್ಮ ಬಂಧಾರದ ಉದಾಹರಣೆ ಕೊಟ್ಟೆವು. ಕೊಲ್ಹಾಪುರ ಪದ್ಧತಿಯ ಬಂಧಾರ, ಅಂದರೆ ಕೆ.ಟಿ. ವಿಯರ್, ಪಂಚಗಂಗೆ, ದೂಧಗಂಗೆ, ಹಿರಣ್ಯಕೇಶಿಗಳ ಮೇಲೆ ಎಲ್ಲರೂ ನೋಡಿದ್ದೇ. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮಳೆಗಾಲದ ಮುಂಚೆ ಹಲಗೆ ಎತ್ತಿ ಹೊಳೆಗೆ ದಾರಿ ಬಿಡುತ್ತಾರೆ. ಹೊಳೆ ಸಣ್ಣದಿದ್ದಾಗ ತಡೆ, ತುಂಬಿ ಬಂದಾಗ ಬಯಲು. ಹೊಗೆಯ ಕಿಂಡಿಯ ನೆತ್ತಿಗೂ ಹೀಗೆ ಒಂದು ಹಲಗೆ ಇಳಿಬಿಟ್ಟರೆ? ಎಂಜಿನ್ ನಿಧಾನ ಇದ್ದಾಗ ಹಲಗೆ ಕೆಳಗೆ, ಜೋರಾದಾಗ ಮೇಲೆ. ಇದೇ ಎಕ್ಸಾಸ್ಟ್ ಪಾವರ್ ವಾಲ್ವ್. ಐದನೆಯ ತರಗತಿಯ ಹುಡುಗಿಯೊಬ್ಬಳು ತಕ್ಷಣ ಕೇಳಿದಳು, "ಸರ, ಹಲಗಿ ಎತ್ತಾಂವ ಯಾರು?" ಆ ಪ್ರಶ್ನೆಗೆ ಮುಂದೆ ಬರೋಣ.

ಈ ಉಪಾಯ ಹೊಳೆಯುವ ಮೊದಲು ಲೋಕ ಬೇರೆ ದಾರಿ ಹಿಡಿದಿತ್ತು. ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಹೊಗೆ ಕೊಳವೆಯನ್ನೇ ಉಬ್ಬಿಸಿ, ಮತ್ತೆ ಕಿರಿದು ಮಾಡಿ ಒಂದು ಚಮತ್ಕಾರ ಮಾಡಿದ. ಹೊರಗೆ ಹೋದ ಹೊಗೆಯ ಅಲೆ ಕೊಳವೆಯ ಕಿರಿದಾದ ಕೊನೆಗೆ ಬಡಿದು ಹಿಂದೆ ಬಂದು, ಸೋರಿಹೋಗುತ್ತಿದ್ದ ಪೆಟ್ರೋಲ್ ಗಾಳಿಯನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತಿತ್ತು. 1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಮುಂದಿನ ತಿಂಗಳೇ ಎಂ.ಝಡ್. ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ದೇಶದ ರೇಸಿನಿಂದ ಪಶ್ಚಿಮಕ್ಕೆ ಪಲಾಯನ ಮಾಡಿದ. ಈ ವಿದ್ಯೆ ಅವನ ಜೊತೆ ಜಪಾನಿನ ಸುಜುಕಿಗೆ ಹೋಯಿತು. 1962ರಲ್ಲಿ ಅವನೇ ಸುಜುಕಿಯ ಮೇಲೆ ಕೂತು 50 ಸಿ.ಸಿ. ವಿಶ್ವ ಚಾಂಪಿಯನ್ ಆದ. ಇತಿಹಾಸದ ಪಾಠದಲ್ಲಿ ಶೀತಲ ಸಮರ ಎಂದರೆ ಮಕ್ಕಳು ಆಕಳಿಸುತ್ತಾರೆ. ಹೊಗೆ ಕೊಳವೆಯ ಗುಟ್ಟು ಹೊತ್ತು ಓಡಿದವನ ಕಥೆ ಹೇಳಿದರೆ ಗಂಟೆ ಹೊಡೆದದ್ದೂ ತಿಳಿಯುವುದಿಲ್ಲ.

ಕಿಂಡಿಯ ಎತ್ತರವನ್ನೇ ಬದಲಿಸುವ ಉಪಾಯವನ್ನು ಯಮಹಾ 1977ರಲ್ಲಿ ತನ್ನ 500 ಸಿ.ಸಿ. ರೇಸ್ ಗಾಡಿಯಲ್ಲಿ ತಂದಿತು. ಕಿಂಡಿಯ ಮೇಲ್ಭಾಗದಲ್ಲಿ ತಿರುಗುವ ಒಂದು ಉರುಳೆ. 1983ರಲ್ಲಿ ಹೊರದೇಶಗಳ ರಸ್ತೆಗೂ ಈ ವಾಲ್ವ್ ಇರುವ ಯಮಹಾ 350 ಬಂತು. ಅದೇ 1983ರಲ್ಲಿ ನಮ್ಮ ದೇಶದಲ್ಲಿ ಎಸ್ಕಾರ್ಟ್ಸ್‌ನವರು ರಾಜದೂತ್ 350 ಬಿಟ್ಟರು. ಹೆಸರು ಯಮಹಾದ್ದೇ, ಆದರೆ ನಮೂನೆ ಹಿಂದಿನ ದಶಕದ್ದು, ವಾಲ್ವ್ ಇಲ್ಲ! ಅಂತೂ ಭಾರತದ ರಸ್ತೆಯ ಮೋಟರ್‌ಸೈಕಲ್ಲುಗಳಲ್ಲಿ ಹೆಚ್ಚಿನ ಮಂದಿ ಈ ಹಲಗೆಯನ್ನು ಕಾಣಲೇ ಇಲ್ಲ.

ನಾವು ಕಂಡದ್ದು ಯೆಜ್ಡಿ. ನಮ್ಮ ತಂದೆಯವರ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೊದಲು ಜಾವಾ, 1973ರಿಂದ ಯೆಜ್ಡಿ ಎಂದು ಮಾಡಿ ಕಳಿಸಿ, 1996ರಲ್ಲಿ ಬಾಗಿಲು ಹಾಕಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದದ್ದು ಅದರ ಠೀವಿ. ಪೆಟ್ರೋಲ್ ಹಾಕಿಸುವಾಗ ಲೀಟರಿಗೆ ಸುಮಾರು 40 ಮಿ.ಲೀ. ಆಯಿಲ್ ಬೆರೆಸಬೇಕು. ಆ ಆಯಿಲ್ ಪೂರ್ತಿ ಉರಿಯುವುದಿಲ್ಲ. ಅರ್ಧ ಉರಿದದ್ದು ಡಾಂಬರಿನಂತೆ ಕಿಂಡಿಗೂ ಸೈಲೆನ್ಸರಿಗೂ ಅಂಟುತ್ತದೆ. ವರ್ಷಕ್ಕೊಂದು ಸಲ ತಂದೆಯವರು ಸೈಲೆನ್ಸರಿನ ಒಳಗಿನ ಕೊಳವೆ ಎಳೆದು, ಹಿತ್ತಲಲ್ಲಿ ಕಬ್ಬಿನ ರವದಿಯ ಬೆಂಕಿಗೆ ಹಾಕಿ ಸುಡುತ್ತಿದ್ದರು. ಕಪ್ಪು ಹೊಗೆ ಎದ್ದು ಅವ್ವನ ಒಣಹಾಕಿದ ಸೀರೆಯ ಮೇಲೆ ಕೂತು ಮನೆಯಲ್ಲಿ ದೊಡ್ಡ ಜಗಳ. ಸುಟ್ಟ ಮೇಲೆ ಗಾಡಿಗೆ ಮಾತ್ರ ಹೊಸ ಜೀವ! ಗುರ್ಹಾಳದಲ್ಲಿ ಬೆಲ್ಲ ಕುದಿಸುವವರಿಗೂ ಇದು ಗೊತ್ತು. ಚಿಮಣಿಯಲ್ಲಿ ಮಸಿ ಕಟ್ಟಿದರೆ ಒಲೆ ಉರಿಯುವುದಿಲ್ಲ, ಕಾಹಿಲಿಯಲ್ಲಿ ರಸ ಕುದಿಯುವುದಿಲ್ಲ. ಬೆಂಕಿಗೆ ಒಳಗೆ ಬರುವ ಗಾಳಿಯಷ್ಟೇ ಹೊರಗೆ ಹೋಗುವ ದಾರಿಯೂ ಬೇಕು.

ಈಗ ಹಿಮಕ್ಕೆ ಹೋಗೋಣ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದ, ಹುಟ್ಟಿದ್ದು 1907ರಲ್ಲಿ. 1934ರ ಚಳಿಗಾಲದಲ್ಲಿ ಅವನ ಪುಟ್ಟ ಮಗನಿಗೆ ಹೊಟ್ಟೆಯ ಸೋಂಕು ಏರಿತು. ರಸ್ತೆಯೆಲ್ಲ ಹಿಮ. ಆಸ್ಪತ್ರೆಗೆ ಒಯ್ಯಲು ಯಾವ ಗಾಡಿಯೂ ಇಲ್ಲ. ಹುಡುಗ ತೀರಿಕೊಂಡ. ಹಿಮದ ಮೇಲೆ ಓಡುವ ಗಾಡಿಯ ಕೆಲಸ ಅವನು ಮೊದಲೇ ಹಿಡಿದಿದ್ದ. 1937ರ ಹೊತ್ತಿಗೆ ಏಳು ಜನ ಕೂರುವ ಹಿಮದ ಬಸ್ಸನ್ನೇ ಮಾಡಿದ. ಒಬ್ಬಿಬ್ಬರು ಕೂರುವ ಹಗುರ ಸ್ಕಿ-ಡೂ ಬಂದದ್ದು 1959ರಲ್ಲಿ. ಹಗುರ ಗಾಡಿಗೆ ಹಗುರ ಎಂಜಿನ್ ಬೇಕು, ಅಂದರೆ ಟೂ ಸ್ಟ್ರೋಕ್. 1960ರ ದಶಕದಲ್ಲಿ ಆಸ್ಟ್ರಿಯಾದ ಗುನ್ಸ್‌ಕಿರ್ಖೆನ್ ಊರಿನ ರೋಟಾಕ್ಸ್ ಕಂಪನಿಯ ಎಂಜಿನ್ನುಗಳು ಅದಕ್ಕೆ ಬಂದವು. 1970ರಲ್ಲಿ ಬೊಂಬಾರ್ಡಿಯೆ ಕಂಪನಿ ರೋಟಾಕ್ಸನ್ನೇ ಕೊಂಡಿತು.

ಈ ರೋಟಾಕ್ಸಿನವರು ಕಿಂಡಿಯ ಹಲಗೆಗೆ ಒಂದು ಸರಳ ರೂಪ ಕೊಟ್ಟರು. ಅದರ ಹೆಸರು ರೇವ್. ಹಲಗೆ ಎತ್ತುವವನು ಯಾರು ಎಂದು ಹುಡುಗಿ ಕೇಳಿದಳಲ್ಲ, ಉತ್ತರ ಇಲ್ಲಿದೆ. ಹೊಗೆಯೇ! ಕಿಂಡಿಯ ಪಕ್ಕದಿಂದ ಒಂದು ಸಣ್ಣ ತೂತು ಮೇಲಿನ ಖಾನೆಗೆ ಹೋಗುತ್ತದೆ. ಅಲ್ಲಿ ಮಡಿಕೆ ಮಡಿಕೆಯಾದ ರಬ್ಬರಿನ ಬೆಲ್ಲೋಸ್ ಇದೆ, ಹಾರ್ಮೋನಿಯಂ ತಿದಿಯಂಥದ್ದು. ಎಂಜಿನ್ ಜೋರಾದಂತೆ ಹೊಗೆಯ ಒತ್ತಡ ಹೆಚ್ಚಿ ತಿದಿ ಉಬ್ಬುತ್ತದೆ, ಉಬ್ಬಿ ಹಲಗೆಯನ್ನು ಮೇಲೆತ್ತುತ್ತದೆ. ಒತ್ತಡ ಇಳಿದರೆ ಮೇಲಿನ ಸ್ಪ್ರಿಂಗ್ ಅದನ್ನು ಕೆಳಗೆ ತಳ್ಳುತ್ತದೆ. ಸ್ಪ್ರಿಂಗಿನ ಬಿಗಿ ಹೊಂದಿಸಲು ಮೇಲೊಂದು ಕೆಂಪು ತಿರುಪು. ಮೋಟರ್ ಇಲ್ಲ, ತಂತಿ ಇಲ್ಲ. ಮನೆಯ ಹೊಗೆಯೇ ಬಾಗಿಲು ತೆರೆದುಕೊಂಡು ಹೋದ ಹಾಗೆ.

ಭಾರತದಲ್ಲಿ ಹಿಮದ ಸ್ಕೂಟರ್ ಎಂದರೆ ಗುಲ್ಮಾರ್ಗಿನ ಪ್ರವಾಸಿಗಳ ಮೋಜು ಎಂದು ನಾವು ತಿಳಿದಿದ್ದೆವು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ ಶುರುವಾಗಿ ನಮ್ಮ ಸೈನ್ಯ ಸಿಯಾಚಿನ್ ಮೇಲೆ ನಿಂತಿತು. ಅಲ್ಲಿ ಸಾಮಾನು ಸಾಗಿಸಲು, ಕಾಯಿಲೆಯಾದವರನ್ನು ತರಲು ಸ್ನೋ ಸ್ಕೂಟರೂ ಒಂದು ಸಾಧನ. ನಮ್ಮ ಭಾಗದಿಂದ ಫೌಜಿಗೆ ಹೋಗುವವರ ಸಂಖ್ಯೆ ಕಡಿಮೆಯದಲ್ಲ. ಶಿರೋಳ ತಾಲೂಕಿನ ಟಾಕಳಿಗೆ ಸೈನಿಕ ಟಾಕಳಿ ಎಂದೇ ಹೆಸರು ಬಿದ್ದಿದೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು, ಆರು ದಿನದ ಮೇಲೆ ಜೀವಂತ ಸಿಕ್ಕು, 11ರಂದು ದಿಲ್ಲಿಯಲ್ಲಿ ತೀರಿಕೊಂಡ ಹನಮಂತಪ್ಪ ಕೊಪ್ಪದ ಅವರು ಧಾರವಾಡ ಜಿಲ್ಲೆಯ ಬೆಟದೂರಿನವರು. ಆ ವಾರ ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ದಿನವೂ ಅವರ ಹೆಸರು ಹೇಳಿದ್ದೆವು.

ಫೌಜಿ ಕಾಕಾ ಹೇಳಿದ್ದು ಹೀಗೆ: "ಥಂಡಿಗಿ ಎಂಜಿನ್ ಬಿಸಿ ಆಗ್ಲಿ ಅಂತ ತಾಸಗಟ್ಲೆ ನಿಂತಲ್ಲೇ ಚಾಲೂ ಇಡತಿದ್ವಿ. ಹಂಗ ಇಟ್ರ ಆಯಿಲ್ ಉರಿಯೂದಿಲ್ಲ, ಮಸಿ ಕಟ್ಟತೈತಿ. ವಾಲ್ವ್ ಹಿಡಕೊಂಡ ಬಿಡತೈತಿ. ಏರಿನ್ಯಾಗ ಹೊಂಟಾಗ ಎಂಜಿನ್ ಗೊರ್ರ್ ಅಂತ ಉಸರ ಕಟ್ಟತೈತಿ, ಮುಂದ ಹೋಗೂದಿಲ್ಲ. ಹಿಂದ ಸ್ಲೆಜ್ಜಿನ್ಯಾಗ ಪೇಶಂಟ್ ಇದ್ದಾ ಅಂದ್ರ ಏನ್ ಮಾಡ್ತೀರಿ, ಮಾಸ್ತರ್ರ?" ನಮ್ಮಲ್ಲಿ ಉತ್ತರ ಇರಲಿಲ್ಲ. ಕೆನಡಾದ ಆ ಮೆಕ್ಯಾನಿಕ್ಕಿನ ಮಗನ ಕಥೆಯನ್ನು ಕಾಕಾನಿಗೆ ಹೇಳಿದೆವು. ಬಹಳ ಹೊತ್ತು ಸುಮ್ಮನೆ ಕೂತರು.

ಇನ್ನು ಈ ವಾಲ್ವ್ ಕೊಲ್ಹಾಪುರಕ್ಕೆ ಬಂದ ಬಗೆ. ಕೊಲ್ಹಾಪುರ ಮೊದಲಿನಿಂದಲೂ ಎರಕದ ಊರು. ಶಿವಾಜಿ ಉದ್ಯಮನಗರದ ಫೌಂಡ್ರಿಗಳು, ಲೇಥಿನ ಅಂಗಡಿಗಳು, ಪಂಪು ಎಂಜಿನ್ನುಗಳ ಭಾಗಗಳು, ಇವೆಲ್ಲ ನಮ್ಮ ಜನಕ್ಕೆ ಅನ್ನ ಕೊಟ್ಟವು. (ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲ ಯಂತ್ರಮಗ್ಗ ಹಾಕಿದ್ದು, ಶಾಹೂ ಮಹಾರಾಜರ ಗಿರಣಿ 1906ರಲ್ಲಿ ಆದದ್ದು, ಆ ಕಥೆಗಳೇ ಬೇರೆ, ಇನ್ನೊಮ್ಮೆ ಬರೆಯುತ್ತೇವೆ.) ಯಂತ್ರ ತಿಳಿದ ಕೈಗಳಿದ್ದಲ್ಲಿ ರೇಸಿನ ಹುಚ್ಚೂ ಹುಟ್ಟುತ್ತದೆ. ರೋಟಾಕ್ಸ್ ಕಂಪನಿ 1990ರ ದಶಕದ ಕೊನೆಗೆ ಸಣ್ಣ ಕಾರ್ಟ್ ಗಾಡಿಗಳಿಗೆಂದೇ 125 ಸಿ.ಸಿ.ಯ ಮ್ಯಾಕ್ಸ್ ಎಂಬ ನೀರು ತಂಪಿನ ಟೂ ಸ್ಟ್ರೋಕ್ ಎಂಜಿನ್ ತಂದಿತು. ಅದನ್ನಿಟ್ಟು 2000ದಿಂದ ಲೋಕದ ತುಂಬ ಸ್ಪರ್ಧೆ ನಡೆಸಿತು. ಭಾರತದಲ್ಲಿ ಜೆ.ಕೆ. ಟೈರ್ ಹೆಸರಿನ ರಾಷ್ಟ್ರೀಯ ರೋಟಾಕ್ಸ್ ಮ್ಯಾಕ್ಸ್ ಸ್ಪರ್ಧೆಯ ಸುತ್ತುಗಳು ಕೊಲ್ಹಾಪುರದ ಮೋಹಿತೆ ರೇಸಿಂಗ್ ಅಕಾಡೆಮಿಯ ಟ್ರ್ಯಾಕಿನಲ್ಲೂ ನಡೆದವು. ಹೀಗೆ ಹಿಮದ ಗಾಡಿಯ ಹೊಗೆ ಬಾಗಿಲು ಕಬ್ಬಿನ ನಾಡಿಗೆ ಬಂತು.

ಈ ಎಂಜಿನ್ನಿನಲ್ಲಿ ಸೀನಿಯರ್ ದರ್ಜೆಗೆ ವಾಲ್ವ್ ಉಂಟು, ಜೂನಿಯರ್ ಹುಡುಗರ ದರ್ಜೆಗೆ ಇಲ್ಲ. ಸೀನಿಯರ್ ಎಂಜಿನ್ ನಿಮಿಷಕ್ಕೆ ಸುಮಾರು 11,500 ಸುತ್ತಿನಲ್ಲಿ 30 ಅಶ್ವಶಕ್ತಿಯ ಹತ್ತಿರ ಕೊಡುತ್ತದೆ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 190ಕ್ಕೂ ಹೆಚ್ಚು ಸುತ್ತು! ನಮ್ಮ ತಂದೆಯವರ ಯೆಜ್ಡಿ ಇದರ ಎರಡು ಪಟ್ಟು ದೊಡ್ಡದಿದ್ದೂ ಅರ್ಧದಷ್ಟು ಶಕ್ತಿಯದು. ವಾಲ್ವ್ ತೆರೆಯುವುದು ಏಳೂವರೆ, ಎಂಟು ಸಾವಿರದ ಆಸುಪಾಸಿನಲ್ಲಿ. ನಮ್ಮ ಹುಡುಗನ ಎಂಜಿನ್ ಎಂಟು ಸಾವಿರಕ್ಕೆ ನಿಂತುಬಿಟ್ಟಿದ್ದಕ್ಕೆ ಅರ್ಥ ಇದೇ. ಹೊಳೆ ತುಂಬಿದೆ, ಹಲಗೆ ಎದ್ದಿಲ್ಲ.

ಆ ರಾತ್ರಿ ಕಾಕಾ, ನಾವು, ಫೋನಿನ ಆ ಕಡೆ ಹುಡುಗ, ಮೂವರೂ ಸೇರಿ ಪುಸ್ತಕದ ನಾಲ್ಕು ಪುಟಗಳನ್ನು ಒಂದೊಂದೇ ಸಾಲಾಗಿ ಕನ್ನಡ ಮಾಡಿದೆವು. ಅದರ ಸಾರವನ್ನು ಇಲ್ಲಿ ಕೊಡುತ್ತೇವೆ, ಇನ್ನೊಬ್ಬ ಹುಡುಗನಿಗೆ ಉಪಯೋಗಕ್ಕೆ ಬಂದೀತು.

ಮೊದಲು ರೋಗ ಯಾವುದು ಎಂದು ತಿಳಿಯಬೇಕು. ಎಂಜಿನ್ ಕೆಳಗೆ ಚೆನ್ನಾಗಿ ಎಳೆಯುತ್ತದೆ, ಮೇಲೆ ಏರುವುದಿಲ್ಲ ಎಂದರೆ ವಾಲ್ವ್ ತೆರೆಯುತ್ತಿಲ್ಲ. ಕೆಳಗೆ ಸತ್ತ ಹಾಗಿದೆ, ಮೇಲೆ ಹೋದ ಮೇಲೆ ಮಾತ್ರ ಓಡುತ್ತದೆ ಎಂದರೆ ವಾಲ್ವ್ ಮುಚ್ಚುತ್ತಿಲ್ಲ. ತೆರೆಯದಿರಲು ಕಾರಣಗಳು ಹಲವು: ಮಸಿಗೆ ಹಲಗೆ ಅಂಟಿರಬಹುದು, ಒತ್ತಡ ಬರುವ ಸಣ್ಣ ತೂತು ಕಟ್ಟಿರಬಹುದು, ಬೆಲ್ಲೋಸ್ ಹರಿದಿರಬಹುದು ಅಥವಾ ಅದರ ಕ್ಲಿಪ್ ಸಡಿಲಿರಬಹುದು, ಕೆಂಪು ತಿರುಪನ್ನು ಅತಿ ಬಿಗಿ ಮಾಡಿರಬಹುದು. ಬಿಗಿ ಮಾಡಿದಷ್ಟೂ ವಾಲ್ವ್ ತಡವಾಗಿ ತೆರೆಯುತ್ತದೆ, ಸಡಿಲ ಮಾಡಿದರೆ ಬೇಗ. ಮುಚ್ಚದಿರಲು ಕಾರಣ ಸಾಮಾನ್ಯವಾಗಿ ಎರಡೇ. ಮಸಿಗೆ ಮೇಲೆಯೇ ಸಿಕ್ಕಿಕೊಂಡಿರುವುದು, ಇಲ್ಲವೆ ಸ್ಪ್ರಿಂಗ್ ಮುರಿದಿರುವುದು ಅಥವಾ ಸೋತಿರುವುದು. ಕೆಂಪು ಮುಚ್ಚಳದ ಸುತ್ತ ಕಪ್ಪು ಎಣ್ಣೆ ಒಸರಿದ್ದರೆ ಹೆಚ್ಚು ಯೋಚಿಸಬೇಡಿ, ಬೆಲ್ಲೋಸ್ ನೋಡಿ.

(2015ರಲ್ಲಿ ಬಂದ ಇವೊ ಮಾದರಿಯಲ್ಲಿ ವಾಲ್ವ್ ಯಾವಾಗ ತೆರೆಯಬೇಕು ಎಂಬುದನ್ನು ಕಂಪ್ಯೂಟರ್ ಪೆಟ್ಟಿಗೆ ತೀರ್ಮಾನಿಸುತ್ತದೆ. ಅಲ್ಲಿ ಬ್ಯಾಟರಿ, ವೈರು, ರಬ್ಬರ್ ನಳಿಕೆಗಳನ್ನೂ ನೋಡಬೇಕು. ನಮ್ಮ ಹುಡುಗನ ಕೈಯಲ್ಲಿದ್ದದ್ದು ಹಳೆಯ ಮಾದರಿ.)

ಬಿಚ್ಚುವ ಮುಂಚೆ ಎಂಜಿನ್ ಪೂರ್ತಿ ಆರಬೇಕು. ಮುಚ್ಚಳದ ಕ್ಲಿಪ್ ತೆಗೆಯುವಾಗ ಒಳಗಿನ ಸ್ಪ್ರಿಂಗ್ ಹಾರೀತು, ಕೈ ಒತ್ತಿ ಹಿಡಿಯಬೇಕು. ಸ್ಪ್ರಿಂಗ್, ಬೆಲ್ಲೋಸ್, ಹಲಗೆ, ಗ್ಯಾಸ್ಕೆಟ್ ಎಲ್ಲವನ್ನೂ ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಫೌಜಿ ಕಾಕಾ ಇದನ್ನು ಮೂರು ಸಲ ಹೇಳಿದರು. ಹಿಮದಲ್ಲಿ ಒಂದು ಕ್ಲಿಪ್ ಬಿದ್ದರೆ ಮತ್ತೆ ಸಿಗುವುದಿಲ್ಲವಲ್ಲ! ಲೋಹದ ಹಲಗೆಯನ್ನು ಸೀಮೆಎಣ್ಣೆಯಲ್ಲೋ ಕಾರ್ಬ್ಯುರೇಟರ್ ತೊಳೆಯುವ ದ್ರವದಲ್ಲೋ ನೆನೆಹಾಕಿ, ಹಿತ್ತಾಳೆ ಅಥವಾ ನೈಲಾನ್ ಬ್ರಶ್ಶಿನಿಂದ ಉಜ್ಜಬೇಕು. ಅದು ಕೂರುವ ಗೂಡು ಅಲ್ಯುಮಿನಿಯಂ. ಚಾಕು, ಹ್ಯಾಕ್ಸಾ ಬ್ಲೇಡು ಹಾಕಿ ಕೆರೆದರೆ ಗೀರು ಬಿದ್ದು, ಮುಂದೆ ಹಲಗೆ ಅಲ್ಲೇ ತೊಡರುತ್ತದೆ. (ಯೆಜ್ಡಿಯ ಕಿಂಡಿಯನ್ನು ತಂದೆಯವರು ಬ್ಲೇಡಿನಿಂದಲೇ ಕೆರೆಯುತ್ತಿದ್ದರು. ಆ ಎರಕದ ಕಬ್ಬಿಣ ತಡೆಯುತ್ತಿತ್ತು.) ಸಣ್ಣ ತೂತನ್ನು ಮೆದು ತಂತಿಯಿಂದ ಬಿಡಿಸಿ ಗಾಳಿ ಊದಬೇಕು.

ಕೂಡಿಸುವಾಗ ಮುಖ್ಯವಾದದ್ದು ಒಂದೇ. ಹಲಗೆಯ ತುದಿ ಓರೆಯಾಗಿದೆ, ಅದು ಕಿಂಡಿಯ ನೆತ್ತಿಗೆ ಸರಿಹೊಂದುವಂತೆ ಕೂರಬೇಕು. ತಿರುವುಮುರುವಾದರೆ ಪಿಸ್ಟನ್ನಿಗೆ ತಗಲೀತು, ತಗಲಿದರೆ ಎಂಜಿನ್ ಹೋದಂತೆಯೇ. ಆದ್ದರಿಂದ ಚಾಲೂ ಮಾಡುವ ಮೊದಲು ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಬೆರಳಿನಿಂದ ಒತ್ತಿದರೆ ವಾಲ್ವ್ ಸರಾಗ ಹೋಗಿ ಬರಬೇಕು. ಗ್ರೀಸ್ ಹಚ್ಚಬಾರದು, ಅದು ಸುಟ್ಟು ಮತ್ತೆ ಮಸಿಯೇ ಆಗುತ್ತದೆ. ಆಯಿಲ್ ಹೆಚ್ಚು ಹಾಕಿದರೆ ಎಂಜಿನ್ನಿಗೆ ಒಳ್ಳೆಯದು ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಈ ಎಂಜಿನ್ನಿಗೆ ಲೀಟರಿಗೆ 20 ಮಿ.ಲೀ. ಸಾಕು.

ಹುಡುಗ ಬುಧವಾರ ಎಲ್ಲ ಮಾಡಿದ. ಹಲಗೆ ಸರಾಗ ಇತ್ತು, ತೂತು ಬಿಟ್ಟಿತ್ತು, ತಿರುಪು ಸರಿ ಇತ್ತು. ಎಂಜಿನ್ ಮತ್ತೆ ಎಂಟು ಸಾವಿರಕ್ಕೇ ನಿಂತಿತು. ರಾತ್ರಿ ಫೋನಿನಲ್ಲಿ ಅಳುವುದೊಂದೇ ಬಾಕಿ. ಕಾಕಾ ಫೋನ್ ಇಸಿದುಕೊಂಡರು.

"ತಮ್ಮಾ, ರಬ್ಬರ್ ಯಾತರಾಗ ತೊಳದಿ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪೆಟ್ರೋಲಿನ್ಯಾಗ, ಕಾಕಾ. ಎಲ್ಲಾ ಕೂಡೇ ರಾತ್ರಿಪೂರ್ತಿ ನೆನಿಹಾಕಿದ್ನಿ."

ಬೆಲ್ಲೋಸನ್ನು ಪೆಟ್ರೋಲಿನಲ್ಲಿ ನೆನೆಹಾಕಬಾರದು, ಒಣ ಬಟ್ಟೆಯಿಂದ ಒರೆಸಬೇಕು. ಪುಸ್ತಕದಲ್ಲಿ ಅದು ಇತ್ತು. ಎರಡನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ. ನಾವು ಕನ್ನಡ ಮಾಡುವಾಗ ಆ ಸಾಲನ್ನು ಅಷ್ಟು ಮುಖ್ಯವಲ್ಲವೆಂದು ಹಾರಿಸಿಬಿಟ್ಟಿದ್ದೆವು. ತಪ್ಪು ನಮ್ಮದೇ. ಅವನು ನೆನೆಹಾಕಿದ್ದು ನಮಗಿಂತ ಮುಂಚೆ, ನಿಜ. ಆದರೆ ಆ ಸಾಲು ಹೇಳಿದ್ದರೆ ಅವನಿಗೆ ಒಂದು ದಿನ ಮೊದಲೇ ಗೊತ್ತಾಗುತ್ತಿತ್ತು. ಪರೀಕ್ಷೆಯಲ್ಲಿ ಪ್ರಶ್ನೆಯ ಕೊನೆಯ ಸಾಲು ಓದದ ಮಕ್ಕಳನ್ನು ನಾವು ಎಷ್ಟು ಸಲ ಬೈದಿಲ್ಲ!

ಬೆಲ್ಲೋಸ್ ನೋಡಲು ಹೊಸದರಂತೆಯೇ ಇದೆ ಎಂದ. ಕಾಕಾ ಬಿಡಲಿಲ್ಲ. ಒಂದೊಂದೇ ಮಡಿಕೆಯನ್ನು ಹಿಗ್ಗಿಸಿ ಬಲ್ಬಿನ ಬೆಳಕಿಗೆ ಹಿಡಿ ಎಂದರು. ಕಾಣಲಿಲ್ಲ. ಹಾಗಾದರೆ ಸೈಕಲ್ ಪಂಕ್ಚರ್ ನೋಡುವ ಹಾಗೆ ಬಾಯಿ ಅಂಗೈಯಿಂದ ಮುಚ್ಚಿ, ಬುಟ್ಟಿಯ ನೀರಿನಲ್ಲಿ ಮುಳುಗಿಸಿ ಒತ್ತು ಎಂದರು. ಮೂರನೆಯ ಮಡಿಕೆಯಿಂದ ಒಂದೇ ಸಮ ಸಣ್ಣ ಗುಳ್ಳೆ ಬಂದವಂತೆ. ಫೋನಿನಲ್ಲೇ ಅವನು ಕೂಗಿದ್ದು ಕಾಕಾನ ಹೆಂಡತಿಗೆ ಅಡಿಗೆಮನೆಯಲ್ಲಿ ಕೇಳಿಸಿತು. ಸೂಜಿಮೊನೆಯಷ್ಟು ತೂತು. ಅಷ್ಟರಲ್ಲೇ ಒತ್ತಡವೆಲ್ಲ ಸೋರಿ, ಹಲಗೆ ಏಳುತ್ತಿರಲಿಲ್ಲ.

ಹೊಸ ಬೆಲ್ಲೋಸಿನ ದುಡ್ಡನ್ನು ಅವನ ಪಗಾರದಲ್ಲಿ ಹಿಡಿದರು. ಹಾಕಿದ ಮೇಲೆ ಶುಕ್ರವಾರ ಸಂಜೆ ಎಂಜಿನ್ ಹನ್ನೊಂದು ಸಾವಿರ ದಾಟಿತು. ಕೆಲಸ ಉಳಿಯಿತು.

ಇದಾದ ಮೇಲೆ ಅವನು ಒಂದು ಕೇಳಿದ. "ಸರ, ಇದಕ್ಕ ಕನ್ನಡದಾಗ ಏನಂತಾರ್ರಿ?" ವಿಜ್ಞಾನದ ಪಾಠದಲ್ಲಿ ವಾಲ್ವಿಗೆ ಕವಾಟ ಎಂಬ ಮಾತಿದೆ, ಹೃದಯದ ಕವಾಟ ಎಂದು ಅವನೂ ಓದಿದ್ದಾನೆ. ಕವಾಟ ಎಂದರೆ ಬಾಗಿಲು. ಮರಾಠಿಯಲ್ಲಿ ಝಡಪ ಎನ್ನುತ್ತಾರೆ. ನಿಷ್ಕಾಸ ಕವಾಟ ಎಂದು ಹೇಳಿದೆವು. ಅವನಿಗೆ ನಗು ಬಂತು. "ಹೊಗಿ ಬಾಗಲ ಅಂದ್ರ ನಡಿಯೂದಿಲ್ಲೇನ್ರಿ?" ಎಂದ. ನಡೆಯುತ್ತದೆ ಎಂದೆವು. ಈ ಬರಹದ ತಲೆಬರಹ ಅವನದೇ.

ನಾಲ್ಕು ಪುಟದ ಕನ್ನಡವನ್ನು ಈ ಸಲ ಒಂದು ಸಾಲೂ ಬಿಡದೆ ನೀಟಾಗಿ ಬರೆದು ಅವನಿಗೆ ಕಳಿಸಿದ್ದೇವೆ. ಅವನ ಜೊತೆಗಿರುವ ಇಬ್ಬರು ಹುಡುಗರು ಮರಾಠಿಯವರು, ಅವರಿಗಾಗಿ ಅವನೇ ಅದನ್ನು ಮರಾಠಿ ಮಾಡುತ್ತಿದ್ದಾನಂತೆ. ದೀಪಾವಳಿಗೆ ಊರಿಗೆ ಬಂದಾಗ ಆ ತೂತುಬಿದ್ದ ಬೆಲ್ಲೋಸನ್ನು ತಂದುಕೊಟ್ಟ. ಈಗ ಅದು ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ, ಹಿಡಿ ಮುರಿದ ಭೂತಗನ್ನಡಿಯ ಪಕ್ಕದಲ್ಲಿದೆ. ಮಕ್ಕಳು ಬುಟ್ಟಿಯಲ್ಲಿ ನೀರು ತಂದು, ಮೂರನೆಯ ಮಡಿಕೆ ಒತ್ತಿ, ಗುಳ್ಳೆ ಎಣಿಸುತ್ತಾರೆ.